ಚಪ್ಪಾಳೆ ರಟ್ಟು

ಶನಿವಾರ ಬೆಳಿಗ್ಗೆ, ಹುಲ್ಲಿನ ಮೇಲೆ ಇನ್ನೂ ಬಿಳಿ ಹಿಮ,
ಸಾವಿರದ ನಾನೂರು ಕುರ್ಚಿಗಳ ಮೇಲೆ
ಸಾವಿರದ ನಾನೂರು ರಟ್ಟು ಇಟ್ಟವಳು ನಾನು.
ಬೀಸಣಿಗೆಯಂತೆ ಮಡಿಚಿದ್ದು. ಅರಿಶಿನ-ಕುಂಕುಮದ ಬಣ್ಣ
(ಇಲ್ಲಿ ಯಾರೂ ಹಾಗೆ ಕರೆಯುವುದಿಲ್ಲ).
ಮೇಲೆ ದಪ್ಪಕ್ಷರದಲ್ಲಿ ಅಪ್ಪಣೆ:
ಬಡಿಯಿರಿ. ಸದ್ದು ಮಾಡಿ.

ಕೀತ್ಲಿ ವಾಂಡರರ್ಸ್ ಕಮಿಟಿಗೆ ಅದೇ ಚಿಂತೆ.
ಆಟದ ನಡುವೆ
ಗೋಲಿ ಮೂಗು ಸೀನುವುದು ಕೇಳಿಸುತ್ತೆ,
ಎರಡು ಬೀದಿ ಆಚೆ ಯಾರೋ
ಕಸದ ಡಬ್ಬಿ ಎಳೆಯುವುದು ಕೇಳಿಸುತ್ತೆ.
ಲೀಡ್ಸಿನಿಂದ ಸಲಹೆಗಾರ್ತಿ ಬಂದಳು, ಪ್ರೂಡೆನ್ಸ್,
ಪರದೆಯ ಮೇಲೆ ಬಾಣಗಳನ್ನು ಹಾರಿಸಿ
'ವಾತಾವರಣ' ಎಂದಳು, ಹನ್ನೊಂದು ಸಲ.
ನಾನು ಟಿಕೆಟ್ ಕಿಂಡಿಯವಳು, ಹಿಂದಿನ ಸಾಲಿನಲ್ಲಿ ಕೂತು
ಬಿಸ್ಕತ್ತು ಅದ್ದುತ್ತಾ ಎಣಿಸಿದೆ.

ಗೋಲಾದರೆ ಮೈಕಿನಲ್ಲಿ ಹಾಡು.
ಆಗದಿದ್ದರೂ ಹಾಡು.
ಬಾಡಿಗೆಗೊಂದು ಡೋಲು, ಡೋಲಿನವನೂ ಬಾಡಿಗೆಗೇ.
ಬಲವಂತದ ಮಾಘಸ್ನಾನ ಅಂದುಕೊಂಡೆ,
ಅದನ್ನು ಇಂಗ್ಲಿಷಿಗೆ ತರಲಾಗದೆ ಸುಮ್ಮನಾದೆ.

ಆಗ ಎದ್ದ ವಿಲ್ಫ್ ಆಕ್ರಾಯ್ಡ್.
ನಲವತ್ತು ವರ್ಷ ಉಣ್ಣೆಯ ಗಿರಣಿ, ಮಗ್ಗದ ಅಬ್ಬರ
ಎರಡು ಕಿವಿಯನ್ನೂ ತಿಂದು ಮುಗಿಸಿದೆ.
ತುಟಿ ನೋಡಿ ಮಾತು ತಿಳಿಯುವವನು.
"ಉತ್ತರದ ಸ್ಟ್ಯಾಂಡಿನಲ್ಲಿ ಹಲಗೆ ಇತ್ತು, ನಿಂತು ನೋಡುತ್ತಿದ್ದೆವು.
ಜನ ಕಾಲು ಬಡಿದರೆ ನನ್ನ ಮೊಣಕಾಲಿನ ತನಕ ಬರುತ್ತಿತ್ತು.
ನೀವು ಕಾಂಕ್ರೀಟು ಸುರಿದಿರಿ.
ಅವತ್ತಿನಿಂದ ನನಗೇನೂ ಕೇಳಿಸಿಲ್ಲ."
ಕಾರ್ಯದರ್ಶಿ ನಡಾವಳಿಯಲ್ಲಿ ಬರೆದುಕೊಂಡ:
ಶ್ರೀ ಆಕ್ರಾಯ್ಡ್, ಶ್ರವಣ ತೊಂದರೆ.

ಸರಿ, ಶನಿವಾರ. ಮೂರು ಗಂಟೆ.
ಮೊದಲ ಹತ್ತು ನಿಮಿಷ ಬಡಿದರು, ಮರ್ಯಾದೆಗೆ,
ಮದುವೆಮನೆಯಲ್ಲಿ ಎರಡನೇ ಸಲ ಪಾಯಸ ಹಾಕಿಸಿಕೊಂಡಂತೆ.
ಆಮೇಲೆ ರಟ್ಟು ಕುಂಡಿಯಡಿ ಹೋಯಿತು,
ಕುರ್ಚಿ ತಣ್ಣಗಿತ್ತಲ್ಲ.

ಅರವತ್ತೆರಡನೇ ನಿಮಿಷ. ಇಬ್ಬರದೂ ಸೊನ್ನೆ.
ಮಾಂಸದಂಗಡಿ ಜುನೈದನ ಮಗಳು ಮಹ್ನೂರ್
ರಟ್ಟನ್ನು ಬಿಚ್ಚಿ, ಉಗುರಿನಿಂದ ತೀಡಿ,
ಮೂಗು ಚೂಪಾಗಿಸಿ, ಬಿಟ್ಟಳು
ಒಂದು ವಿಮಾನ.

ಅದು ಲೈನ್ಸ್‌ಮನ್ ತಲೆಯ ಮೇಲೆ ಹಾದುಹೋಯಿತು.
ಬೀಳುತ್ತೆ ಅಂದೆವು, ಬೀಳಲಿಲ್ಲ.
ಗಿರಣಿಯ ಚಿಮಣಿ ಕಡೆಯಿಂದ ಗಾಳಿ ಬಂದು
ಅದರ ಬಗಲಿಗೆ ಕೈ ಕೊಟ್ಟಿತು.
ಜನ ಏಳತೊಡಗಿದರು, ಒಬ್ಬೊಬ್ಬರೇ,
ಚೆಂಡು ಎಲ್ಲಿದೆಯೋ ಯಾರಿಗೂ ಗೊತ್ತಿಲ್ಲ,
ಮೂರು ವರ್ಷದಿಂದ ಪಕ್ಕದಲ್ಲೇ ಕೂತು ಮಾತಾಡದವರು
ಒಬ್ಬರ ತೋಳನ್ನೊಬ್ಬರು ಹಿಡಿದಿದ್ದಾರೆ,
ಹೋಗು, ಹೋಗು, ಹೋಗೇ ತಾಯಿ,
ಕೊನೆಯದು ನಾನು, ನನ್ನ ಭಾಷೆಯಲ್ಲೇ, ಗಂಟಲು ಬಿರಿಯುವಂತೆ.
ಎದುರಾಳಿ ಗೋಲಿಯ ಎರಡು ಕಾಲಿನ ನಡುವೆ ನುಸುಳಿ
ಬಲೆಗೆ ಮೂಗು ತಾಗಿಸಿ ಮಲಗಿತು.

ಆ ಸದ್ದನ್ನು ಹೇಗೆ ಹೇಳಲಿ.
ಕಾರು ನಿಲ್ಲುವ ಜಾಗದಲ್ಲಿ ಮೂರು ಅಲಾರಂ ಹೊಡೆದುಕೊಂಡವು.
ಹಿಂದಿನ ಸಾಲಿನವರು ತಗಡಿನ ಗೋಡೆಗೆ ಗುದ್ದಿದರು,
ವಿಲ್ಫ್ ತಿರುಗಿ, ಆ ತಗಡಿಗೆ
ಅಂಗೈ ಒತ್ತಿಟ್ಟ. ಆಮೇಲೆ ಕೆನ್ನೆ.

ಪಂದ್ಯ ಸೋತೆವು, ಎಂಬತ್ತೊಂಬತ್ತರಲ್ಲಿ, ಒಂದು ಪೆದ್ದು ಗೋಲು.
ಪ್ರೂಡೆನ್ಸ್ ವರದಿ ಕಳಿಸಿದಳು:
ರಟ್ಟು ಪರಿಣಾಮಕಾರಿ, ಇನ್ನೂ ಎರಡು ಸಾವಿರ ತರಿಸಿ.
ಸುಳ್ಳೇನಲ್ಲ.

ಮುಂದಿನ ಶನಿವಾರ ಕಿಂಡಿಯ ಮುಂದೆ ವಿಲ್ಫ್.
ಕಂಕುಳಲ್ಲಿ ನಾಲ್ಕಡಿ ಹಲಗೆ, ಕೋಳಿಗೂಡಿನದು.
ಬಸ್ಸಿನವ ಅದಕ್ಕೂ ಟಿಕೆಟ್ ಕೇಳಿದನಂತೆ.
ಒಳಗೆ ಹೋಗಿ ಕಾಲಡಿ ಹಾಸಿಕೊಂಡ,
ಎರಡೂ ಕಡೆ ಇಟ್ಟಿಗೆ ಕೊಟ್ಟು.

ಈಗ ಆ ಸಾಲಿನಲ್ಲಿ ನೂಕುನುಗ್ಗಲು.
ಒಂದು ತುದಿಯಲ್ಲಿ ಅವನು ಸುಮ್ಮನೆ ನಿಂತಿರುತ್ತಾನೆ,
ಇನ್ನೊಂದು ತುದಿಯಲ್ಲಿ ಮಹ್ನೂರ್,
ಶಾಲೆಯ ಬೂಟು ಹಾಕಿಕೊಂಡು,
ಅವನಿಗೆ ಆಟವನ್ನು ಹೇಳುತ್ತಾಳೆ:
ಕಾರ್ನರಿಗೆ ಒಂದು ಗುದ್ದು, ಫೌಲಿಗೆ ಎರಡು,
ಗೋಲಿಗೆಂದು ಇಟ್ಟಿರುವ ಕುಣಿತ
ಇನ್ನೂ ಬಾಕಿ.