ದ್ವಿವಚನ

ಅಮ್ಮನ ಭಾಷೆಯಲ್ಲಿ ಒಬ್ಬರಿಗೊಂದು, ಗುಂಪಿಗೊಂದು,
ನಡುವೆ ಬರೀ ಇಬ್ಬರಿಗೆಂದೇ ಇನ್ನೊಂದು ಪದ.
ಮೆಯ್. ಅಂದರೆ ನಾವಿಬ್ಬರೇ.
ಮೂರನೆಯವರು ಒಳಬಂದರೆ ಕ್ರಿಯಾಪದವೇ ಎದ್ದು
ಬೇರೆ ಬಾಲ ತೊಟ್ಟುಕೊಳ್ಳುತ್ತದೆ.

ಇದೆಲ್ಲ ನನಗೆ ಗೊತ್ತಾದದ್ದು ಮೊನ್ನೆ,
ಮಗಳ ಮೂರನೇ ತರಗತಿಯ ಸೋರ್ಬಿಯನ್ ಪುಸ್ತಕದಿಂದ.
ನನ್ನೊಡನೆ ಅಮ್ಮನದು ಜರ್ಮನ್ನೇ, ಸುಕ್ಕಿಲ್ಲದ್ದು,
ನೆಂಟರು ಬಂದಾಗ ಹಾಸುವ ಮೇಜುಬಟ್ಟೆಯಂಥದು.

ಆ ಮಾತು ಇದ್ದದ್ದು ಹೆರ್ಟಾ ದೊಡ್ಡಮ್ಮನ ಜೊತೆ,
ಮೊದಲು ಹಿತ್ತಲಲ್ಲಿ, ಆಮೇಲೆ ಬಾಲ್ಕನಿಯಲ್ಲಿ,
ಸೌತೆ, ಸಬ್ಬಸಿಗೆ, ಉಪ್ಪು, ಚೆರಿ ಎಲೆ
ಜಾಡಿಗೆ ಇಳಿಸುತ್ತ, ಸಣ್ಣ ದನಿಯಲ್ಲಿ.
ನಾನು ಹತ್ತಿರ ಹೋದರೆ ರೇಡಿಯೋ ತಿರುವಿದ ಹಾಗೆ
ಇಬ್ಬರೂ ಭಾಷೆ ಬದಲಿಸುತ್ತಿದ್ದರು.
ನನ್ನ ಬಗ್ಗೆಯೇ ಆಡಿಕೊಳ್ಳುತ್ತಾರೆಂದು
ಹತ್ತು ವರ್ಷ ಮುನಿಸಿಕೊಂಡಿದ್ದೆ.
ಶಾಲೆಯಲ್ಲಿ ಒಮ್ಮೆ ಇಡೀ ತರಗತಿ ಅಮ್ಮನನ್ನು ಕಂಡು ನಕ್ಕಿತ್ತಂತೆ.
ಅದನ್ನೂ ಹೇಳಿದ್ದು ಹೆರ್ಟಾ, ಆಸ್ಪತ್ರೆಯಲ್ಲಿ, ಜರ್ಮನ್ನಿನಲ್ಲಿ.

ಊರು ಹೋದದ್ದು ನಾನು ಏಳರವಳಿದ್ದಾಗ.
ಲುಸಾಟಿಯಾದ ನೆಲದ ಕೆಳಗೆ ಕಲ್ಲಿದ್ದಲಿತ್ತು;
ಅಷ್ಟೇ ನಮ್ಮ ತಪ್ಪು.
ಮೊದಲು ಲಿಂಡನ್ ಮರಗಳು, ಆಮೇಲೆ ಚರ್ಚು,
ಕೊನೆಗೆ ಅಜ್ಜನ ಗೋರಿಯನ್ನೂ ಲಾರಿಗೆ ಹೇರಿದರು.
ಹೊಸ ಬಡಾವಣೆ, ನಾಲ್ಕನೇ ಮಹಡಿ,
ನಲ್ಲಿಯಲ್ಲೇ ಬಿಸಿನೀರು. ಅಮ್ಮ ಅತ್ತದ್ದು ಕಾಣೆ.
ಈಗ ಆ ಗುಂಡಿಗೆ ನದಿ ನೀರು ಬಿಟ್ಟಿದ್ದಾರೆ,
ಭಾನುವಾರ ಹಾಯಿದೋಣಿ, ಐಸ್‌ಕ್ರೀಮ್ ಗಾಡಿ,
ಎರಡು ಭಾಷೆಯ ನಾಮಫಲಕ,
ಅದರಲ್ಲಿ ಕೆಳಗಿನ ಸಾಲು ಚಿಕ್ಕದು.

ಹೆರ್ಟಾ ಹೋದ ಮೇಲೆ
ಅಮ್ಮ ಮಾತನ್ನು ಎಲ್ಲಿ ಎತ್ತಿಟ್ಟಳೋ.
ಇಬ್ಬರ ಕ್ರಿಯಾಪದವನ್ನು ಒಬ್ಬಳೇ ಹೇಗೆ ಆಡುವುದು?
ಒಮ್ಮೆ ಅಡುಗೆಮನೆಯಲ್ಲಿ ಕಿಟಕಿಗೆ ಏನೋ ಅಂದು,
ನನ್ನ ಕಂಡವಳೇ ಗಾಜು ಒರೆಸತೊಡಗಿದಳು.

ನಿನ್ನೆ ಈಸ್ಟರ್ ಮೊಟ್ಟೆಗೆ ಮೇಣ ಹಚ್ಚುತ್ತಿದ್ದರು,
ಬಾತಿನ ಗರಿಯ ತುದಿಯನ್ನು ಮುಕ್ಕೋನ ಕತ್ತರಿಸಿ.
ಮಿಲೆಂಕಾ ಅಜ್ಜಿಗೆ ಏನೋ ಹೇಳಿದಳು,
ಪಾಠ ಒಪ್ಪಿಸುವ ರಾಗದಲ್ಲಿ.
ಅಮ್ಮ ತಲೆಯಾಡಿಸಿ, ಮೇಣ ಮೆತ್ತಿದ
ಎರಡು ಬೆರಳು ಎತ್ತಿ ತೋರಿಸಿದಳು.
ಹುಡುಗಿ ಎಣಿಸಿದಳು: ಅಜ್ಜಿ, ತಾನು.
ಮೆಯ್, ಅಂದಳು.

ಒಲೆಯ ಬಳಿ ನಾನಿದ್ದೆ, ಮೂರನೆಯವಳು,
ಈರುಳ್ಳಿ ಸಿಪ್ಪೆಯ ಬಣ್ಣ ಕುದಿಸುತ್ತ.
ಒಂದು ಹೆಜ್ಜೆ ಮುಂದಿಟ್ಟರೆ ಪದ ಕೆಡುತ್ತದೆ.
ಉರಿ ಸಣ್ಣಗೆ ಮಾಡಿ,
ಬಾಗಿಲು ಪೂರ್ತಿ ಮುಚ್ಚದೆ,
ಹೊರಗೆ ಮೆಟ್ಟಿಲ ಬಳಿ ಬಂದು ನಿಂತೆ.