ಒರಗಿದ ಮೊಳೆಗಳು

ಬೆಟಗೇರಿಯ ಆ ಪ್ರೆಸ್ಸಿನಲ್ಲಿ ನನ್ನ ಕೆಲಸ
ಅಚ್ಚಾದ ಪುಟ ಬಿಚ್ಚಿ, ಮೊಳೆ ಮೊಳೆಯಾಗಿ
ಖಾನೆಗೆ ಮರಳಿಸುವುದು: ಕಕಾರಕ್ಕೆ ಕಕಾರ, ಕೊಂಬಿಗೆ ಕೊಂಬು,
ಸೊನ್ನೆಗಳು ಹೆಸರುಕಾಳಿನ ಹಾಗೆ ಎಲ್ಲೆಂದರಲ್ಲಿ.
ಸಂಜೆ ಕೈ ತೊಳೆದರೂ ರೊಟ್ಟಿಯ ಮೇಲೆ
ಐದು ಕಪ್ಪು ಬೆರಳು ಅಚ್ಚಾಗುತ್ತಿದ್ದವು.

ಇಂಗ್ಲಿಷ್ ಕೇಸು ಗೋಡೆಯ ಕಡೆ. ಅದರ ಕೆಳಗಿನ ಅರೆಯಲ್ಲಿ
ಇಟಾಲಿಕ್. ಸಣ್ಣ ಪಾದ, ಸಣ್ಣ ಚಾಚು,
ಬಸ್ಸಿಗೆ ಓಡುವವರ ಹಾಗೆ ಮುಂದಕ್ಕೆ ವಾಲಿದ ಮೊಳೆಗಳು.
ಬ್ಯಾಂಕಿನ ವರದಿಗೆಂದು ವರ್ಷಕ್ಕೊಮ್ಮೆ ಬೆಳಕು ಕಾಣುತ್ತಿದ್ದವು.
ನಮ್ಮವು ನೆಟ್ಟಗೆ, ತಲೆಕಟ್ಟು ಬಿಗಿದು,
ಪ್ರಾರ್ಥನೆಗೆ ನಿಂತ ಸಾಲೆ ಹುಡುಗರು.

ಗಂಡುಮಕ್ಕಳ ಸಾಲೆ ನಂಬರ್ ಮೂರರ ಟೀಚರು
ನೀಲವ್ವ ಹೂಲಿ ಹಸ್ತಪ್ರತಿ ತಂದರು.
ನೂರಾ ನಾಲ್ಕು ಪುಟ. ನಡುನಡುವೆ ಕೆಂಪು ಗೆರೆ.
"ಗೆರಿ ಎಳದದ್ದು ನಮ್ಮವ್ವನ ಮಾತು.
ಅದು ನನ್ನ ಮಾತಿನಂಗ ಕಾಣಬಾರದು."
ಮಾಲೀಕರೆಂದರು: "ದಪ್ಪ ಮೊಳಿ ಹಾಕೂಣು."
"ನಮ್ಮವ್ವ ಒದರತಿದ್ದಿಲ್ರಿ."
"ಹಂಗಾರ ಸಣ್ಣ ಮೊಳಿ."
"ಅಂಜತಿದ್ದಿಲ್ಲ."

ಮೌನೇಶಪ್ಪ ಪತ್ತಾರ ಸ್ಟಿಕ್ಕು ಕೆಳಗಿಟ್ಟ.
ಅಜ್ಜ ಬುಗುಡಿ ಮಾಡಿದವ, ಅಪ್ಪ ಬೋರಮಾಳ,
ಇವನ ಪಾಲಿಗೆ ಬಂದದ್ದು ಸೀಸ.
"ಅವ್ವಾರು ಬರದದ್ದೇನಾರ ಐತೇನ್ರಿ, ಅಕ್ಕಾರ?
ವಾಲೋ ಅಕ್ಷರ ಅಂದರ ಓಡೋ ಕೈ.
ಕೈ ನೋಡದ ಹೆಂಗ ಕೊರೀಲಿ?"
ಅವರು ತಂದದ್ದು ಸೊಸೈಟಿಯ ಪಾಸ್‌ಬುಕ್ಕು.
ಮೂರು ಹೆಬ್ಬೆಟ್ಟು.

ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ.
ಆಮೇಲೆ: "ಮಾತಾಡೂಮುಂದ ಹೆಂಗ ನಿಂದರತಿದ್ದರು?"
"ನಿಂದರತಿದ್ದಿಲ್ಲ. ಬಾಗಲಾ ಚೌಕಟ್ಟಿಗೆ ಒರಗತಿದ್ದಳು.
ಒಂದು ಕಾಲು ಒಳಗ, ಒಂದು ಹೊರಗ."

ಬಾಗುವುದು ಬೇರೆ. ಬಾಗಿದ್ದು ಯಾರಿಗೋ ಬಾಗಿದ್ದು.
ವಾಲಿದ್ದು ಇನ್ನೇನು ಬೀಳುವುದು.
ಓರೆ ಎಂದರೆ ಕೆಟ್ಟ ಬಾಗಿಲು, ಕೆಟ್ಟ ನೋಟ.
ಒರಗುವುದಕ್ಕೆ ಮಾತ್ರ ಪಕ್ಕದಲ್ಲೊಂದು ಗಟ್ಟಿ ಬೇಕು.
ಅವನು ಇದನ್ನೆಲ್ಲ ಹೇಳಲಿಲ್ಲ. ಮಗನ ಕಂಪಾಸು ಪೆಟ್ಟಿಗೆ ತಂದು
ಒಂಬತ್ತು ಡಿಗ್ರಿ, ಅಂದ.

ಮೊದಲ ಅ ಉಲ್ಟಾ. ಉಕ್ಕಿನಲ್ಲಿ ಬಲಕ್ಕೆ ಕೊರೆದದ್ದು
ಕಾಗದದ ಮೇಲೆ ಎಡಕ್ಕೆ, ಮುನಿಸಿಕೊಂಡು ಹಿಂದೆ ಸರಿದವಳ ಹಾಗೆ.
ಇಪ್ಪತ್ತು ವರ್ಷ ಕನ್ನಡಿಯಕ್ಷರ ಓದಿದವನೇ ಮರೆತಿದ್ದ.
ಮುಂದೆ "ಅವ್ವ" ಜೋಡಿಸಿದರೆ ಕೆಳಗಿನ ಒತ್ತು
ಬುಡ ಬಿಟ್ಟು ಜಾರಿತು, ಸಂತೆಯಲ್ಲಿ ಕೈ ತಪ್ಪಿದ ಕೂಸು.
ಏತ್ವದ ಚಾಚು ಪಕ್ಕದ ಮೊಳೆಯ ಹೆಗಲೇರಿ
ಟ್ರೆಡಲಿನ ಒಂದೇ ಏಟಿಗೆ ಮುರಿಯಿತು.
ಸೊನ್ನೆಯನ್ನು ಎಷ್ಟು ತಿರುಗಿಸಿದರೂ ಸೊನ್ನೆ.
"ಇದಕ್ಕ ಯಾರ ಹಂಗೂ ಇಲ್ಲ ನೋಡು" ಅಂದ ನನಗೆ.
(ಈಗ ನನ್ನ ಮಗ ಗುಂಡಿ ಒತ್ತಿ ಇಡೀ ಪುಟ ವಾಲಿಸುತ್ತಾನೆ.
ಯಾವುದೂ ಮುರಿಯುವುದಿಲ್ಲ.)

ಕಡೆಗೆ ಇಡೀ ಅಕ್ಷರ ದೂಡುವುದನ್ನು ಬಿಟ್ಟ.
ತಲೆಕಟ್ಟು ಮಟ್ಟಸವಾಗಿಯೇ ಇರಲಿ, ಅದು ಚೌಕಟ್ಟು.
ತುದಿಗೆ ಜೋಳದ ಮೊಳಕೆಯಷ್ಟು ಚಾಚು ಕೊಟ್ಟು
ಹೊಟ್ಟೆಯನ್ನಷ್ಟೇ ಒರಗಿಸಿದ.

ಎಷ್ಟು ಅಕ್ಷರ ಬೇಕೆಂದು ಕೆಂಪು ಗೆರೆ ಎಣಿಸಿದೆವು.
ಖ ಇಲ್ಲ. ಘ ಇಲ್ಲ. ಧ ಇಲ್ಲ, ಭ ಇಲ್ಲ.
ಆಕೆಯ ಬಾಯಲ್ಲಿ ಧಾರವಾಡ ದಾರವಾಡ, ಭೂಮಿ ಬೂಮಿ.
ಟೀಚರು ತಿದ್ದಿರಲಿಲ್ಲ.
ಶ ಒಂದೇ ಸಲ, ನೆರೆಮನೆಯ ಶಾಂತವ್ವನ ಹೆಸರಿಗೆ. ಅದಕ್ಕೊಂದು ಕೊರೆದ.
"ಮಹಾಪ್ರಾಣ ಇಲ್ದನ ಬಾಳೇ ಮಾಡ್ಯಾಳ,
ನಂದು ಎರಡು ತಿಂಗಳ ಕೆಲಸ ಉಳಿಸ್ಯಾಳ" ಎಂದು
ಎರಡು ಚಹಾ ಹೇಳಿದ.

ಪುಸ್ತಕ ಮುನ್ನೂರು ಪ್ರತಿ. ಎಷ್ಟು ಮಾರಿತೋ.
ಒಂದು ಹೇಗೋ ಅಡತಿ ಅಂಗಡಿಯ ಸಂಕನೂರರ ಕೈಗೆ ಸಿಕ್ಕಿ
ಮಗಳ ಮದುವೆ ಕಾರ್ಡು ಇದರಲ್ಲೇ ಆಗಬೇಕಂದರು, ನಾಡದು.
ಕೊರೆಯಲು ಹೊತ್ತಿಲ್ಲ.
ಶು ಒರಗಿತ್ತು. ವಿವಾಹ ಒರಗಿತ್ತು.
ನಡುವೆ ಭ,
ಹಳೆಯ ಖಾನೆಯಿಂದ ಬಂದದ್ದು, ಸೆಟೆದು,
ಬಾಗಿಲಿಗೊರಗಿ ಮಾತಾಡುವ ಹೆಂಗಸರ ನಡುವೆ
ಬೀಗರ ದಾರಿ ಕಾಯುವ ಹಿರಿಯ.

ಮುಂದಿನ ವಾರ ಆ ಕಾರ್ಡು ಹಿಡಿದು ಮತ್ತೊಬ್ಬರು ಬಂದರು.
"ನಮಗೂ ಹಿಂಗ ಮಾಡ್ರಿ,
ನಡುವ ಒಂದು ನೆಟ್ಟಗಿರಲಿ."