ಎಪ್ಪತ್ತರ ಹದ

ಏಪ್ರಿಲ್ ಗಾಳಿ ಎದ್ದರೆ ಆಲ್ಬುಕರ್ಕಿಯಲ್ಲಿ
ಬಾಗಿಲ ಹಿಡಿ ಮುಟ್ಟಿದರೂ ಚಟ್ಟೆಂದು ಕಿಡಿ.
ತುಟಿ ಸೀಳುತ್ತದೆ, ಗೋಡೆಯ ಗಾರೆ ಬಿಡುತ್ತದೆ,
ಅಂಗಡಿಯ ಹಿಂದಿನ ಕೋಣೆಯಲ್ಲಿ
ಸೀಡರ್ ಹಲಗೆಗಳ ಮೇಲೆ ಸಾಲುಸಾಲು ಮಲಗಿದ
ನಾಲ್ಕು ಸಾವಿರ ಸಿಗಾರು
ಬೆರಳಲ್ಲಿ ಅದುಮಿದರೆ ಹಪ್ಪಳದ ಸದ್ದು.

ನಾನು ಸೇದುವವಳಲ್ಲ. ಸೋದರಮಾವ ಎವರಿಸ್ತೊ ಸೇದುತ್ತಿದ್ದ.
ಹೋಗುವಾಗ ಬೀಗದಕೈ ನನಗೆ ಬಿಟ್ಟ,
ಅದಕ್ಕೆ ಕಟ್ಟಿದ್ದ ಸಾಲವನ್ನೂ.

ಕಂಪನಿಯ ಯಂತ್ರಕ್ಕೆ ಮೂರು ಸಾವಿರ ಡಾಲರ್ ಅಂದರು.
ಫೋನಿಟ್ಟು ತ್ರಾಂಕಿಲಿನೊಗೆ ಹೇಳಿಕಳಿಸಿದೆ.
ಊರವರ ಚಾವಣಿ ಹತ್ತಿ ಕೂಲರ್ ರಿಪೇರಿ ಮಾಡುತ್ತಲೇ
ಎಪ್ಪತ್ತು ದಾಟಿದ ಆಸಾಮಿ. ಜೀವಮಾನವೆಲ್ಲ
ಬೇರೆಯವರ ಮನೆಗೆ ತಂಪು ಹಾಯಿಸಿದ ಅವನ ಕೈಯೋ,
ನೀರು ಬತ್ತಿದ ಹೊಂಡದ ತಳ.

ಮೊದಲ ಸಲ ತಂದದ್ದು ಮರದ ಹೊಟ್ಟಿನ ಮೆತ್ತೆ,
ಬಕೆಟ್ಟು, ಒಂದು ಸಣ್ಣ ಪಂಪು.
ಬೆಳಗಾಗುವಷ್ಟರಲ್ಲಿ ಕೋಣೆಯೆಲ್ಲ
ನೆನೆದ ಕುದುರೆಯ ವಾಸನೆ.
"ಕುದುರೆ ಕೆಟ್ಟದ್ದೇನಲ್ಲ" ಎಂದ.
ಎತ್ತಿಕೊಂಡು ಹೋದ.

ಮರುವಾರ ಬಂತು ನೀಲಿ ಪೀಪಾಯಿ,
ಯಾರದೋ ಹಿತ್ತಲ ಕೊಳದಲ್ಲಿ ಮಂಜು ಉಗುಳುತ್ತಿದ್ದ ಬಿಲ್ಲೆ,
ಸತ್ತ ಕಂಪ್ಯೂಟರಿನ ಫ್ಯಾನು, ಮೊಣಕೈ ಮಡಿಸಿದ ಪೈಪು,
ನೀರಿನ ಮಟ್ಟ ಕಾಯುವುದಕ್ಕೆ
(ಗಿರಾಕಿಗಳಿಗೆ ಹೇಳಬೇಡಿ)
ಕಕ್ಕಸಿನ ತೊಟ್ಟಿಯಿಂದ ಕಿತ್ತ ತೇಲುಬುರುಡೆ.

ತೇವ ಅಳೆಯುವ ಮುಳ್ಳನ್ನು ನಂಬುವುದು ಹೇಗೆ?
ಬಾಟಲಿ ಮುಚ್ಚಳದಲ್ಲಿ ಒಂದು ಚಮಚ ಉಪ್ಪು, ನಾಲ್ಕು ಹನಿ ನೀರು.
ಒದ್ದೆಯಾಗಬೇಕು, ಕರಗಕೂಡದು.
ಉಪ್ಪನ್ನೂ ಮುಳ್ಳನ್ನೂ ಒಂದೇ ಚೀಲದಲ್ಲಿ ಕಟ್ಟಿ
ಒಂದು ರಾತ್ರಿ ಮಾತಾಡಿಕೊಳ್ಳಲು ಬಿಡಬೇಕು.
ಉಪ್ಪಿನ ಲೆಕ್ಕ ಎಪ್ಪತ್ತೈದು.
ಮುಳ್ಳು ತೋರಿಸಿದ್ದು ಎಂಬತ್ತೊಂದು.
"ಆರು ಸುಳ್ಳು. ಎಷ್ಟು ಸುಳ್ಳೆಂದು ಗೊತ್ತಿದ್ದರೆ
ಸಂಸಾರ ಮಾಡಬಹುದು" ಎಂದೆ ನಾನು.
ಮೂರು ಸಲ ಮದುವೆಯಾದ ತ್ರಾಂಕಿಲಿನೊ
ನಗಲಿಲ್ಲ.

ನಲ್ಲಿ ನೀರು ತುಂಬಿದೆವು.
ವಾರದೊಳಗೆ ಎಲ್ಲದರ ಮೇಲೂ ಬಿಳಿ ಪುಡಿ.
ಬೂಷ್ಟು! ನನ್ನ ಎದೆ ಧಸಕ್ಕೆಂದಿತು.
ಅವನು ಬೆರಳಲ್ಲಿ ಒರೆಸಿ ನಾಲಗೆಗಿಟ್ಟುಕೊಂಡ:
"ಸುಣ್ಣ. ನಮ್ಮ ಬೆಟ್ಟದ್ದೇ."
ಅಂದಿನಿಂದ ಭಟ್ಟಿ ಇಳಿಸಿದ ನೀರೇ ಆಗಬೇಕು.
ಎರಡು ಕೈಗೆರಡು ಕ್ಯಾನು ಹೊತ್ತು ತರುವವಳು ನಾನು.
ಮಾವ ಹೊಗೆ ಸೇದಿದ, ನಾನು ನೀರು ಸೇದುತ್ತೇನೆ,
ಒಂದೇ ಮಾತಿನಲ್ಲಿ ಇಬ್ಬರ ಬದುಕೂ ನಡೆಯಿತು.

ಆ ರಾತ್ರಿ ಬಾಗಿಲು ಹಾಕಿ,
ಬಕೆಟ್ ಬೋರಲು ಹಾಕಿ, ಇಬ್ಬರೂ ಕೂತೆವು.
ಪೈಪಿನ ಬಾಯಿಂದ ಹಾಲಿನ ಕೆನೆಯಂಥ ಮಂಜು
ನೆಲಕ್ಕಿಳಿಯುವ ಮೊದಲೇ ಇಲ್ಲವಾಗುತ್ತಿತ್ತು.
ಐವತ್ತೆಂಟು. ಅರವತ್ತಮೂರು.
ಹೆಚ್ಚಾದರೆ ಬೂಷ್ಟು, ಕಮ್ಮಿಯಾದರೆ ಬಿರುಕು,
ನಡುವೆ ಹದ ಅನ್ನುವುದು
ಒಂದು ಉಗುರಿನಗಲ ಜಾಗ.
ಅರವತ್ತೆಂಟು.
ಅರವತ್ತೆಂಟರಲ್ಲೇ ಬಹಳ ಹೊತ್ತು.
ಎಪ್ಪತ್ತು.
ಟಕ್.
ಫ್ಯಾನು ನಿಂತಿತು.

ತ್ರಾಂಕಿಲಿನೊ ಉದ್ದಕ್ಕೆ ಉಸಿರೆಳೆದ. ಇನ್ನೊಮ್ಮೆ ಎಳೆದ.
"ಸಮುದ್ರದ ಕಡೆಯವರು ದಿನಾ ಹೀಗೇ ಉಸಿರಾಡ್ತಾರಾ?
ದುಡ್ಡು ಕೊಡದೆ?"
ಸಮುದ್ರ ನಾನೂ ಕಂಡವಳಲ್ಲ.
"ಹಾಗಂತ ಕಾಣುತ್ತೆ" ಎಂದೆ.

ಈಗ ಮಧ್ಯಾಹ್ನವಾದರೆ ಬರುತ್ತಾನೆ.
ಒಂದನ್ನೂ ಕೊಂಡವನಲ್ಲ. ಮೂಗಿನಿಂದ ಬರುತ್ತಿದ್ದ ರಕ್ತ
ನಿಂತಿದೆಯಂತೆ. ಹೊಂಡುರಾಸಿಗೂ ನಿಕರಾಗುವಾಕ್ಕೂ ನಡುವೆ
ಸ್ಟೂಲು ಹಾಕಿಕೊಂಡು,
ಅಂಗೈ ಮೇಲುಮಾಡಿ ಮಂಡಿಯ ಮೇಲಿಟ್ಟು,
ಕಣ್ಣು ಮುಚ್ಚಿ ಹದಿನೈದು ನಿಮಿಷ.
ಗಿರಾಕಿಗಳು ಅವನನ್ನು ಬಳಸಿಕೊಂಡು ಹೋಗಿ
ಪೆಟ್ಟಿಗೆ ಎತ್ತಿಕೊಳ್ಳುತ್ತಾರೆ.

ಕಾಫಿ ಬೇಕೇ ಎಂದು ಕೇಳಲು
ನಾನು ಒಂದಿಷ್ಟು ತಲೆ ಹಾಕಿದರೂ ಸಾಕು:

"ಬಾಗಿಲು, ಯುಫೀಲಿಯಾ!
ಎರಡು ಅಂಕಿ ಹೋಯ್ತು."